ಪಟ್ಟಿಯಲ್ಲಿಲ್ಲದ ಹದಿನಾರನೆಯವಳು

ಹಾಜರಿ ಗುಮಾಸ್ತರು ಒಂಬತ್ತು ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಮೂರು ಸಲ ಹುಡುಕಿದರು. ಮೂರು ಸಲವೂ ಅವಳ ಹೆಸರು ಸಿಗಲಿಲ್ಲ.

"ನೀನಿಲ್ವಲ್ಲಮ್ಮ ಇದರಲ್ಲಿ. ಇಪ್ಪತ್ತೊಂದು ದಿನ ಗೈರುಹಾಜರಿ ಆಗಿದೆ. ಪರೀಕ್ಷೆಗೆ ಕೂರೋ ಹಾಗಿಲ್ಲ."

"ನಾನು ಫುಟ್‌ಬಾಲ್ ತಂಡದಲ್ಲಿದ್ದೀನಿ ಸಾರ್. ಒಂಬತ್ತು ಪಂದ್ಯಕ್ಕೂ ಹೋಗಿದ್ದೆ, ಅಭ್ಯಾಸದ ದಿನಗಳೂ ಸೇರಿ ಇಪ್ಪತ್ತೊಂದು ದಿನ."

"ಆಟಕ್ಕೆ ಹೋದವರಿಗೆ ಹಾಜರಿ ಕೊಡೋದು ಪಂದ್ಯದ ಪಟ್ಟಿ ನೋಡಿ. ಒಂದೊಂದರಲ್ಲೂ ಹದಿನೈದು ಹೆಸರಿದೆ. ನಿಂದಿಲ್ಲ."

ಅವಳು ಕಿಟಕಿಯಾಚೆ ಕೈ ಮಾಡಿ ತೋರಿಸಿದಳು. ಕಾಲೇಜಿನ ಗೇಟಿನ ಮೇಲೆ ಕಪ್ ಗೆದ್ದ ತಂಡದ ಆಳೆತ್ತರದ ಚಿತ್ರ ಕಟ್ಟಿದ್ದರು. "ಅಲ್ಲಿ ಕಪ್ಪಿನ ಎಡಗಡೆ ಹಿಡಿಕೆ ಹಿಡ್ಕೊಂಡು ನಿಂತಿರೋಳು ಯಾರು ಹಾಗಾದ್ರೆ?"

"ನೀನೇ. ಆದ್ರೆ ಚಿತ್ರಕ್ಕೆಲ್ಲ ಹಾಜರಿ ಕೊಡೋಕಾಗುತ್ತಾ?"

ತಂಡದಲ್ಲಿ ಅವಳನ್ನು ಎಲ್ಲರೂ 'ಬದಲಿ' ಎಂದೇ ಕರೆಯುತ್ತಿದ್ದರು. ಅವಳು ಎರಡನೇ ಗೋಲ್‌ಕೀಪರು. ಮೊದಲನೆಯವಳು 'ಗೋಲಿ'. ಗೋಲಿಗೆ ಏನಾದರೂ ಆದರೆ ಇವಳು ಇಳಿಯಬೇಕು, ಅದು ಲೋಕದ ಲೆಕ್ಕ. ಈ ತಂಡದ ಲೆಕ್ಕವೇ ಬೇರೆ. ಮೂರು ವರ್ಷದ ಹಿಂದೆ ಕೋಚ್ ಎರಡನೇ ಗೋಲ್‌ಕೀಪರಿನ ಹೆಸರನ್ನು ಪಟ್ಟಿಯಲ್ಲಿ ಬರೆದ ದಿನವೇ ಆಗಿದ್ದ ಮೊದಲನೆಯವಳ ಬೆರಳು ಮುರಿಯಿತಂತೆ. ಹೆಸರು ಬರೆಯುವುದೆಂದರೆ ಗಾಯವನ್ನು ಮನೆಗೆ ಕರೆದಂತೆ ಎಂದು ಅಂದಿನಿಂದ ತೀರ್ಮಾನವಾಯಿತು. ಹೆಸರಿಲ್ಲದಿದ್ದರೆ ಗೋಲಿಗೆ ಏಟಾದ ದಿನ ಇವಳನ್ನು ಇಳಿಸುವುದಕ್ಕೂ ಆಗುವುದಿಲ್ಲವಲ್ಲ ಎಂದು ಒಬ್ಬ ಪುಣ್ಯಾತ್ಮನಾದರೂ ಯೋಚಿಸಬೇಡವೇ? ಕೊಡೆ ತಂದರೆ ಮಳೆ ಬರುತ್ತದೆಂದು ಕೊಡೆಯನ್ನೇ ಮನೆಯಲ್ಲಿ ಬಿಟ್ಟುಬರುವ ಜಾಣರು!

ಬದಲಿಯೂ ಅದನ್ನು ನಂಬಿದ್ದಳು. ಅದೇ ಅವಳಿಗೆ ಈಗ ಮೈಯೆಲ್ಲ ಉರಿಯುವಂತೆ ಮಾಡುತ್ತಿದ್ದುದು. ಮೊದಲ ಪಂದ್ಯದ ಬೆಳಿಗ್ಗೆ ಕೋಚ್ ಪೆನ್ನು ಹಿಡಿದು ಇವಳ ಮುಖ ನೋಡಿದಾಗ, "ಬೇಡ ಸಾರ್, ಬರೀಬೇಡಿ" ಎಂದು ತಾನೇ ನಕ್ಕು ಹೇಳಿದ್ದಳು. ನೀರಿನ ಬಾಟಲಿ ಹಿಡಿದು ಬೆಂಚಿನ ತುದಿಗೆ ಕೂತಳು. ಪ್ರತಿ ಪಂದ್ಯಕ್ಕೂ ಮುಂಚೆ ಗೋಲಿಯ ಹತ್ತೂ ಬೆರಳಿಗೆ ಪಟ್ಟಿ ಸುತ್ತಿದಳು. ಅವಳ ಕೈ ಪಳಗಲೆಂದು ನೂರು ಸಲ ಚೆಂಡು ಒದ್ದಳು. ಫೈನಲ್ ಪಂದ್ಯದಲ್ಲಿ ಆಟ ಸಮನಾಗಿ ಪೆನಾಲ್ಟಿಗೆ ಹೋದಾಗ ಗೋಲಿಯ ಕಿವಿಯಲ್ಲಿ, "ಅವರ ಏಳನೇ ನಂಬರಿನವಳು ಎಡಕ್ಕೆ ನೋಡಿ ಬಲಕ್ಕೆ ಒದೀತಾಳೆ, ಮೂರು ಪಂದ್ಯದಿಂದ ನೋಡಿದ್ದೀನಿ" ಎಂದವಳು ಇವಳೇ. ಗೋಲಿ ಬಲಕ್ಕೆ ಹಾರಿದಳು, ಕಪ್ ಬಂತು.

ಅವಳು ನೇರವಾಗಿ ಕೋಚ್ ಕೋಣೆಗೆ ಹೋದಳು. ಗಾಳಿ ಹೋದ ಚೆಂಡುಗಳು, ಮೂಲೆಯಲ್ಲಿ ಮುದುರಿದ ಬಲೆ, ನೋವಿನೆಣ್ಣೆಯ ವಾಸನೆ. ನಾಯಕಿ ಮತ್ತು ಗೋಲಿ ಅಲ್ಲೇ ಕೂತು ಸನ್ಮಾನಕ್ಕೆ ಯಾವ ಬಣ್ಣದ ಕೋಟು ಎಂದು ಚರ್ಚಿಸುತ್ತಿದ್ದರು.

"ಒಂದು ಪತ್ರ ಕೊಡಿ ಸಾರ್. ಒಂಬತ್ತು ಪಂದ್ಯಕ್ಕೂ ನಾನು ಬೆಂಚಲ್ಲಿದ್ದೆ ಅಂತ."

ಕೋಚ್ ಎದ್ದು ಬಾಗಿಲು ಹಾಕಿದರು. "ಸ್ವಲ್ಪ ಮೆತ್ತಗೆ ಮಾತಾಡು. ಪಟ್ಟಿಯಲ್ಲಿ ಇಲ್ಲದವರು ಬೆಂಚಲ್ಲಿ ಕೂತಿದ್ರು ಅಂತ ಬರಹದಲ್ಲಿ ಒಪ್ಪಿಕೊಂಡ್ರೆ, ನಿಯಮದ ಪ್ರಕಾರ ಕಪ್ಪೇ ಹೋಗುತ್ತೆ."

"ಮತ್ತೆ ನನ್ನ ಪರೀಕ್ಷೆ?"

ಅದಕ್ಕೂ ಅವರಲ್ಲಿ ಮದ್ದಿತ್ತು. ಡ್ರಾಯರಿನಿಂದ ಒಂದು ಕಾಗದ ತೆಗೆದರು. ಪರಿಚಯದ ಡಾಕ್ಟರ ಸಹಿ ಆಗಲೇ ಬಿದ್ದಿತ್ತು. ಇಪ್ಪತ್ತೊಂದು ದಿನ ಕಾಮಾಲೆಯಿಂದ ಮಲಗಿದ್ದಳು ಎಂದು. "ಇದರ ಕೆಳಗೆ ನಿನ್ನ ಸಹಿ ಹಾಕಿ ಕೊಡು, ಪ್ರವೇಶಪತ್ರ ಸಿಗುತ್ತೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಹೂಂ ಅನ್ನೇ," ಎಂದಳು ನಾಯಕಿ. "ತಂಡಕ್ಕೋಸ್ಕರ."

ಬದಲಿ ಗೋಲಿಯ ಕಡೆ ನೋಡಿದಳು. ಗೋಲಿ ತಲೆ ತಗ್ಗಿಸಿ ಒಂದೂ ಮುಕ್ಕಾಗದ ತನ್ನ ಬೆರಳುಗಳನ್ನು ನೋಡುತ್ತ ಕೂತಿದ್ದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ!

ಮನೆಯಲ್ಲಿ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬಂದು, ಬಿಸಿನೀರಲ್ಲಿ ಕೈ ಅದ್ದಿ ಕೂತಿದ್ದಳು. ಕಾಗದವನ್ನು ಮಗಳಿಂದ ಓದಿಸಿಕೊಂಡಳು. ಈ ವರ್ಷ ಪಾಸಾದರೆ ಮಗಳಿಗೆ ಶಿಕ್ಷಕರ ತರಬೇತಿಯ ಸೀಟು ಖಾಯಂ, ತಪ್ಪಿದರೆ ಅದು ಮತ್ತೊಬ್ಬರಿಗೆ. ಅದು ಇಬ್ಬರಿಗೂ ಗೊತ್ತು.

"ಸಹಿ ಹಾಕ್ಬಿಡು ಮಗಳೇ. ಬಡವನ ಕೋಪ ದವಡೆಗೆ ಮೂಲ."

"ಕಾಮಾಲೆ ಬಂದು ಮಲಗಿದ್ದೆ ಅಂತ ಬರೀಬೇಕಂತೆ ಅಮ್ಮ. ಕೆಸರಾದ ನನ್ನ ಬಟ್ಟೆ ಇಪ್ಪತ್ತೊಂದು ದಿನ ಒಗೆದೋಳು ನೀನು."

ಅಮ್ಮ ನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಬೆರಳ ಸಂದಿಗಳು ಸೋಪಿಗೆ ಬಿರಿದಿದ್ದವು. ಆಮೇಲೆ ಸಹಿಯ ವಿಷಯ ಎತ್ತಲಿಲ್ಲ.

ಮರುದಿನ ಅವಳು ಗುಮಾಸ್ತರ ಬಳಿ ಅರ್ಜಿಯ ನಮೂನೆ ಕೇಳಿ ತೆಗೆದುಕೊಂಡಳು. 'ಗೈರುಹಾಜರಿಗೆ ಕಾರಣ' ಎಂಬಲ್ಲಿ ನಿಂತೇ ಬರೆದಳು: 'ನಾನು ಗೈರಾಗಿರಲಿಲ್ಲ. ಒಂಬತ್ತೂ ಪಂದ್ಯಗಳಲ್ಲಿ ತಂಡದ ಬೆಂಚಿನಲ್ಲಿದ್ದೆ. ಮೊದಲ ಗೋಲ್‌ಕೀಪರಿಗೆ ಗಾಯವಾಗಬಾರದೆಂದು ನನ್ನ ಹೆಸರು ಬರೆಯಲಿಲ್ಲ. ಬರೆಯಬೇಡಿ ಎಂದು ನಾನೂ ಹೇಳಿದ್ದೆ, ಅದು ನನ್ನ ತಪ್ಪು.'

ಗುಮಾಸ್ತರು ಎರಡು ಸಲ ಓದಿದರು. "ಇದರಿಂದ ಏನೇನಾಗುತ್ತೆ ಗೊತ್ತಲ್ವಾ?"

"ಗೊತ್ತು ಸಾರ್. ನನ್ನ ಪರೀಕ್ಷೆ ಏನಾಗುತ್ತೆ ಹೇಳಿ."

"ಇದರ ಮೇಲೆ ವಿಚಾರಣೆ ನಡೆಯುತ್ತೆ, ಅದು ಮುಗಿಯೋವರೆಗೂ ನಿನ್ನನ್ನ ಪರೀಕ್ಷೆಗೆ ಕೂರಿಸ್ಲೇಬೇಕು. ನಿಯಮ ಹಾಗಿದೆ." ಅವರು ಠಸ್ಸೆ ಒತ್ತಿದರು. ಸಂಖ್ಯೆ ಹಾಕಿ ಪ್ರತಿ ಕೊಟ್ಟರು. ತಂಡದಲ್ಲಿ ಒಬ್ಬರಿಗೂ ಈ ಐದು ನಿಮಿಷದ ಪ್ರಾಮಾಣಿಕತೆ ಇರಲಿಲ್ಲವಲ್ಲ ಎಂದುಕೊಂಡಾಗ ಅವಳಿಗೆ ಅಳು ಬಂತು, ಸಿಟ್ಟು ಅದಕ್ಕಿಂತ ಮೊದಲು ಬಂತು.

ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿತು. ಮೆಟ್ಟಿಲ ಬಳಿ ಕೋಚ್ ಅಡ್ಡ ನಿಂತರು. ಹಿಂದೆ ಇಡೀ ತಂಡ, ಹದಿನೈದು ಮುಖ.

"ವರ್ಷವಿಡೀ ಬೆವರು ಸುರಿಸಿ ಗೆದ್ದ ಕಪ್ಪು! ಒಂದು ಹಾಳೆಯಲ್ಲಿ ಕಳೆದುಬಿಟ್ಟೆಯಲ್ಲ!"

"ಕಪ್ ಗೆದ್ದಾಗ ನಾನಿರಲಿಲ್ಲ ಅಂತ ನೀವೇ ಒಂಬತ್ತು ಸಲ ಬರೆದುಕೊಟ್ಟಿದ್ದೀರಿ ಸಾರ್," ಎಂದಳು ಅವಳು. "ಕಳೆಯೋವಾಗ ಮಾತ್ರ ನಾನು ಎಲ್ಲಿಂದ ಬಂದೆ?"

ಅವಳು ಅವರ ನಡುವೆಯೇ ದಾರಿ ಮಾಡಿಕೊಂಡು ಮೆಟ್ಟಿಲು ಹತ್ತಿದಳು. ಪರೀಕ್ಷೆಗೆ ಎಂಟೇ ದಿನ ಉಳಿದಿತ್ತು, ಇಪ್ಪತ್ತೊಂದು ದಿನದ ಪಾಠ ಓದುವುದು ಬಾಕಿ ಇತ್ತು.