ತಡಿ ಮಾವನ ಮೂಗು

ಎದುರಿಗಿದ್ದವರ ಮಾತು ಮುಗಿಯುವ ಮೊದಲೇ ಅಂಗೈ ಎತ್ತಿ 'ತಡಿ' ಎನ್ನುವ ಚಾಳಿ ನನ್ನ ಸೋದರಮಾವನಿಗೆ ಹುಟ್ಟಿನಿಂದ ಬಂದದ್ದಿರಬೇಕು. ಸಂತೋಷದ ಸುದ್ದಿಗೂ ತಡಿ, ಸಾವಿನ ಸುದ್ದಿಗೂ ತಡಿ. ಅಡುಗೆಮನೆಯ ಪರದೆಗೆ ಬೆಂಕಿ ಹತ್ತಿತೆಂದು ಅತ್ತೆ ಕೂಗಿಕೊಂಡಾಗಲೂ ಓದುತ್ತಿದ್ದ ಪುಟದಿಂದ ತಲೆಯೆತ್ತದೆ ಆತ ಅಂದದ್ದು ಅದೊಂದೇ ಮಾತು. ನಾವೆಲ್ಲ ಅವನನ್ನು ತಡಿ ಮಾವ ಎಂದು ಮುಖದೆದುರಿಗೇ ಕರೆಯುತ್ತಿದ್ದೆವು; ಅದಕ್ಕೂ ಅವನಿಗೆ ಬೇಸರವಿರಲಿಲ್ಲ.

ವೃತ್ತಿಯಿಂದ ವೈದ್ಯ, ಆದರೆ ರೋಗಿಯ ಮುಖ ನೋಡದ ವೈದ್ಯ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು, ಮೇಲಿನಿಂದ ಬಂದ ಯಕೃತ್ತಿನ ಗಂಟುಗಳ ತೆಳುಚೂರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ದಿಟ್ಟಿಸುವುದರಲ್ಲೇ ಅವನ ಆಯುಷ್ಯ ಸವೆಯಿತು. ಯೋಚನೆ ಬಂದರೆ ಮೆಟ್ಟಿಲ ನಡುವೆಯೇ ಗಕ್ಕನೆ ನಿಲ್ಲುವನು. ಹಿಂದಿದ್ದವರು ಬೆನ್ನಿಗೆ ಡಿಕ್ಕಿ ಹೊಡೆದು ಶಪಿಸುವರು. ಒಂದು ಗುಂಡಿ ತಪ್ಪಿಸಿ ಹಾಕಿದ ಬಿಳಿ ಕೋಟಿನಲ್ಲೇ ನೆಂಟರ ಮನೆಗೂ ಬರುವನು. ಇದನ್ನೆಲ್ಲ ಸಹಿಸಬಹುದಿತ್ತು, ಸಹಿಸಲಾಗದ್ದು ಅವನ ಮೂಗು. ಯಾರೇ ಏನೇ ಕೊಡಲಿ, ಮೂಸದೆ ತಿನ್ನಲೊಲ್ಲ. ತಟ್ಟೆ ತಂದಿಟ್ಟ ಗೃಹಿಣಿ ಎದುರಿಗೆ ನಿಂತಿರುವಂತೆಯೇ ಒಂದೊಂದು ಕಾಳನ್ನೂ ಮೂಗಿಗೆ ಹಿಡಿಯುವ ಈ ಮನುಷ್ಯನ ಪಕ್ಕದಲ್ಲಿ ಕೂತು ನಾನು ಎಷ್ಟು ಸಲ ನೆಲ ಬಿರಿಯಬಾರದೇ ಅಂದುಕೊಂಡಿದ್ದೇನೋ!

ಅಕ್ಕನ ಗಂಡ ಕಡಲೆಕಾಯಿ ಬೀಜದ ಸಗಟು ವ್ಯಾಪಾರಿ. ಅವರ ಯಕೃತ್ತಿನಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಶಸ್ತ್ರಚಿಕಿತ್ಸೆಯೂ ಆಯಿತು. ಪೂರ್ತಿ ತೆಗೆದಿದ್ದೇವೆ ಎಂದರು ಶಸ್ತ್ರವೈದ್ಯರು. 'ಗೆದ್ದೆವು' ಎಂಬ ಒಂದು ಮಾತು ಮಾವನ ಬಾಯಿಂದ ಬರಲೆಂದು ಅಕ್ಕ ಹಂಬಲಿಸುತ್ತಿದ್ದಳು. ಮಾವನೋ ಅಂಗೈ ಎತ್ತಿದ. ಗಂಟಿನ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿದ್ದಾನಂತೆ. ನನಗೆ ರೇಗಿಹೋಯಿತು.

"ಗಂಟು ಹೊರಗೆ ಬಂತಲ್ಲ ಮಾವ, ಇನ್ನು ಅದರ ಜಾತಕ ಯಾಕೆ ಜಾಲಾಡ್ತೀಯ?"

"ತಡಿ. ಕಳ್ಳ ಸಿಕ್ಕಿದ, ಸರಿ. ಕಾವಲುಗಾರನಿಗೆ ಏನಾಯ್ತು ಅಂತ ನೋಡ್ಬೇಡ್ವಾ?"

ಪ್ರತಿ ಜೀವಕೋಶದಲ್ಲೂ ಅಂಥ ಕಾವಲಿನ ಜೀನ್ ಇರುತ್ತದಂತೆ. ಕೆಟ್ಟ ಕೋಶ ಬೆಳೆಯಹೊರಟಾಗ ಸಾಕು, ನಿಲ್ಲು ಎಂದು ತಡೆಯುವುದೇ ಅದರ ಉದ್ಯೋಗ. ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು, ಹೀಗೆ ಎರಡು ಪ್ರತಿ; ಎರಡೂ ಹಾಳಾದರೆ ಆ ಕೋಶಕ್ಕೆ ಹೇಳುವವರಿಲ್ಲ, ಕೇಳುವವರಿಲ್ಲ. "ಅಂದ್ರೆ ನಿನ್ನಂಥದೇ ಒಂದು ಪೀಡೆ ಅನ್ನು," ಎಂದೆ. ಮಾವ ನಗಲಿಲ್ಲ.

ಫಲಿತಾಂಶ ಬಂದ ದಿನ ಅವನು ಅದೇ ಕೋಟಿನಲ್ಲಿ ಅಕ್ಕನ ಮನೆಗೆ ಬಂದ. ಭಾವ ಮಂಚದಿಂದ ಎದ್ದು ಕೂರಲು ಹೆಣಗುತ್ತಿದ್ದರೂ ಹೇಗಿದ್ದೀರಿ ಎಂದು ಕೇಳುವ ಸೌಜನ್ಯವಿಲ್ಲದೆ ನೇರವಾಗಿ ಉಗ್ರಾಣಕ್ಕೆ ನುಗ್ಗಿ, ಡಬ್ಬಗಳ ಮುಚ್ಚಳ ತೆಗೆದು ಮೂಸತೊಡಗಿದ. ಮೂಲೆಯ ದೊಡ್ಡ ಡಬ್ಬದ ಮೇಲೆ ಬಗ್ಗಿದವನು ಹಾಗೇ ನಿಂತುಬಿಟ್ಟ.

"ಇದು ಬೂಷ್ಟು ಹಿಡಿದ ಬೀಜ. ಯಾರಿಗೆ ಇಟ್ಟಿದ್ದೀಯಮ್ಮ?"

"ಮನೆಗೇ ಮಾವ. ಒಳ್ಳೇದು ಅಂಗಡಿಗೆ ಹೋಗುತ್ತೆ, ಆರಿಸಿ ಉಳಿದದ್ದು ಮನೆಗೆ. ಅವರಪ್ಪನ ಕಾಲದಿಂದಲೂ ಹಾಗೇ. ಒರೆಸಿ ಹುರಿದರೆ ಗೊತ್ತೇ ಆಗಲ್ಲ."

"ಹುರಿದ್ರೆ ವಾಸನೆ ಹೋಗುತ್ತೆ, ವಿಷ ಪೂರ್ತಿ ಹೋಗಲ್ಲ. ಗಂಟಿನಲ್ಲಿ ಆ ಕಾವಲಿನ ಜೀನ್ ಕೆಟ್ಟಿರೋ ಜಾಗ ನೋಡಿದೆ. ಈ ಬೂಷ್ಟಿನ ವಿಷ ಸಾಮಾನ್ಯವಾಗಿ ಕೆಡಿಸೋದು ಅದೇ ಜಾಗ." ಆಮೇಲೆ, ದನಿ ತಗ್ಗಿಸಿ, "ಮಕ್ಕಳೂ ಇದನ್ನೇ ತಿಂತಾರಾ?"

ಅಕ್ಕ ಡಬ್ಬಕ್ಕೆ ಮುಚ್ಚಳ ಒತ್ತಿ ಮಾವನ ಕಡೆಗೆ ತಳ್ಳಿದಳು. ಊರಿಗೆಲ್ಲ ಗಟ್ಟಿಕಾಳು ಮಾರಿ ಮನೆಯವರಿಗೆ ಜೊಳ್ಳು ತಿನ್ನಿಸಿದ್ದನ್ನು ನಾವೆಲ್ಲ ಮಿತವ್ಯಯವೆಂದು ಹೊಗಳಿದ್ದವರೇ. ಡಬ್ಬವನ್ನು ಮಾವ ಯಾರ ಕೈಗೂ ಕೊಡದೆ ತಾನೇ ಹೊತ್ತುಕೊಂಡು ಹೋಗಿ ಸುಟ್ಟುಬಂದ.

ಭಾವ ಉಳಿಯಲಿಲ್ಲ, ಗಂಟು ಮರಳಿ ಬಂತು. ಕಡೆಯ ದಿನಗಳಲ್ಲಿ ಅವರು ಮಾವನನ್ನು ಕರೆಸಿ ಕೇಳಿದ್ದು ಒಂದೇ: "ಮಕ್ಕಳಿಗೆ ಏನೂ ಆಗಲ್ಲ ತಾನೇ?" ಸಾಯುವವನಿಗಾದರೂ ಒಂದು ಸುಳ್ಳು ಹೇಳಬಾರದಿತ್ತೇ! "ತಡೀರಿ, ವರ್ಷವರ್ಷ ಪರೀಕ್ಷೆ ಮಾಡಿಸ್ತಾ ಇರ್ತೀನಿ," ಅಂದ ಪುಣ್ಯಾತ್ಮ. ಆ ಸಿಟ್ಟು ನನಗಿನ್ನೂ ಆರಿಲ್ಲ. ಆದರೆ ಮಾವ ಮಾತಿಗೆ ತಪ್ಪಲಿಲ್ಲ. ಮಕ್ಕಳು ದೊಡ್ಡವರಾಗಿ ಆರೋಗ್ಯವಾಗಿದ್ದಾರೆ. ಮೊನ್ನೆ ಅಕ್ಕನ ಮಗಳು ನಾನು ಒಯ್ದ ಬೀಜದ ಪೊಟ್ಟಣ ಬಿಚ್ಚಿ, ನನ್ನೆದುರೇ ಒಂದೊಂದನ್ನೂ ಮೂಸಿದಳು. ಮೈಯೆಲ್ಲ ಉರಿಯಿತು.

ತಡೆಯುವವರ ಜೊತೆ ಬಾಳುವುದು ಕಷ್ಟ. ಅವರ ಕೆಲಸ ಸರಿಯಾಗಿ ನಡೆದರೆ ಏನೂ ಆಗುವುದಿಲ್ಲ; ಆಗದೇ ಹೋದದ್ದಕ್ಕೆ ಯಾರು ಕೈಮುಗಿಯುತ್ತಾರೆ? ತಡೆದದ್ದಕ್ಕೆ ಮಾತ್ರ ಬೈಯುತ್ತೇವೆ, ಬೈಯಲು ನಾವು ಉಳಿದಿರುವುದು ಹೇಗೆಂದು ಕೇಳಿಕೊಳ್ಳದೆ.