ಬೆಳಕಿಗೆ ಹಿಡಿದಾಗ

ಕೋಳಿಮರಿ ಮಾಡಿಸುವ ಕಾರ್ಖಾನೆಯ ಕತ್ತಲೆ ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರಿಗೂ ಮೊಟ್ಟೆ ನೋಡುವ ಕೆಲಸ. ಹನ್ನೊಂದು ದಿನ ಕಾವಿನಲ್ಲಿದ್ದ ಮೊಟ್ಟೆಯನ್ನು ದೀಪದ ತೂತಿಗೆ ಹಿಡಿದರೆ ಚಿಪ್ಪು ಕೆಂಪಗೆ ಬೆಳಗುತ್ತದೆ. ಒಳಗೆ ಜೇಡನ ಬಲೆಯಂಥ ನರಗಳು, ನಡುವೆ ಒಂದು ಕಪ್ಪು ನೆರಳು. ನೆರಳು ಮಿಸುಕಿದರೆ ಮತ್ತೆ ಕಾವಿಗೆ. ಮಿಸುಕದಿದ್ದರೆ ಕಾಲಬುಡದ ಬಕೆಟ್ಟಿಗೆ.

ಆ ಕೋಣೆಗೊಂದು ಕಟ್ಟಳೆಯಿತ್ತು. ಜೀವವಿರುವ ಮೊಟ್ಟೆಗಳು ಕೈ ದಾಟುವಾಗ ಊರಿನ ಸುದ್ದಿಯನ್ನೆಲ್ಲ ಆಡಬಹುದು. ಬಕೆಟ್ಟಿಗೆ ಇಳಿಸುವಾಗ ಮಾತ್ರ ಬಾಯಿ ಮುಚ್ಚಬೇಕು. ಹೋದ ಜೀವದ ಮೇಲೆ ಹರಟೆ ಬೀಳಬಾರದು. ಅತ್ತೆಗೆ ಅದನ್ನು ಯಾರು ಕಲಿಸಿದರೋ, ಅವಳು ಸೊಸೆಗೆ ಕಲಿಸಿದ್ದಳು. ಹಾಗಾಗಿ ಪಕ್ಕದ ಮಾತು ತಟ್ಟನೆ ನಿಂತರೆ ಸಾಕು, ತಲೆ ಎತ್ತದೆಯೇ ತಿಳಿಯುತ್ತಿತ್ತು, ಒಂದು ಹೋಯಿತು ಅಂತ.

ಬಸುರಿ ಸೊಸೆಗೆ ಐದು ತಿಂಗಳು ತುಂಬುವ ಹೊತ್ತಿಗೆ ಮೊಟ್ಟೆಗಳ ನಡತೆಯೇ ಬದಲಾಯಿತು. ಅವಳ ಕೈಯಲ್ಲಿ ಮಾತ್ರ. ದೀಪಕ್ಕೆ ಹಿಡಿದಾಗ ಆಡುತ್ತಿದ್ದ ನೆರಳು ಅವಳು ಕಣ್ಣು ಹತ್ತಿರ ತಂದೊಡನೆ ಸ್ತಬ್ಧವಾಗುತ್ತಿತ್ತು. ಮುಖ ತಿರುಗಿಸಿದರೆ ಕಣ್ಣಂಚಿನಲ್ಲಿ ಮತ್ತೆ ಅಲ್ಲಾಡುತ್ತಿತ್ತು. ನೋಡುವವಳು ಬಂದಳು, ಉಸಿರು ಬಿಗಿಹಿಡಿಯಿರಿ ಎಂದು ಯಾರೋ ಒಳಗಿನಿಂದ ಅವಕ್ಕೆ ಹೇಳಿಕೊಟ್ಟ ಹಾಗೆ. ಒಂದು ದಿನ ಬಕೆಟ್ಟಿಗೆ ಇಳಿಸಿದ ಮೊಟ್ಟೆಯನ್ನು ಮನಸ್ಸು ತಡೆಯದೆ ಎತ್ತಿ ಮತ್ತೆ ದೀಪಕ್ಕೆ ಹಿಡಿದಳು. ಅದು ಮೆಲ್ಲಗೆ ಮಗ್ಗುಲು ಬದಲಿಸಿತು.

ಇಷ್ಟು ವರ್ಷದಲ್ಲಿ ಎಷ್ಟು ಮೊಟ್ಟೆಗಳು ಬರೀ ಅಡಗಿಕೊಂಡಿದ್ದವೋ. ನಾಳೆ ಆಸ್ಪತ್ರೆಯಲ್ಲಿ ಬೆಳಕಿಗೆ ಹಿಡಿದಾಗ ತನ್ನ ಕೂಸೂ ಹೀಗೇ ಅಡಗಿಕೊಂಡರೆ? ಕಾಯುವ ದೇವರೇ, ಅಡಗಬೇಡ ಅನ್ನು ಅದಕ್ಕೆ, ಎಂದು ಬೇಡಿಕೊಂಡಳು. ಗಂಡನಿಗೂ ಈ ಮಾತು ಹೇಳಲಿಲ್ಲ.

ಸ್ಕ್ಯಾನ್ ಕೋಣೆಯೂ ಕತ್ತಲೆಯೇ. ತಣ್ಣನೆಯ ಜೆಲ್ ಹಚ್ಚುತ್ತ ಡಾಕ್ಟರಮ್ಮ ಕೇಳಿದರು, "ಏನು ಕೆಲಸ ಮಾಡ್ತೀರಿ?"

"ಮೊಟ್ಟೆ ನೋಡ್ತೀನಿ. ಒಳಗೆ ಜೀವ ಇದೆಯೋ ಇಲ್ವೋ ಅಂತ."

"ಹಾಗಾದ್ರೆ ನಾವಿಬ್ರೂ ಒಂದೇ ಕಸುಬಿನವರು ಅನ್ನಿ," ಎಂದು ನಕ್ಕು ಒಂದೊಂದೇ ಹೇಳುತ್ತ ಹೋದರು. "ತಲೆ ಸರಿಯಾಗಿದೆ. ಬೆನ್ನುಮೂಳೆ ನೆಟ್ಟಗಿದೆ. ಕಿಡ್ನಿ ಎರಡೂ ಇವೆ..."

ಅಲ್ಲಿಗೆ ಮಾತು ನಿಂತಿತು.

ಡಾಕ್ಟರಮ್ಮನ ಕೈ ಒಂದೇ ಜಾಗವನ್ನು ಒತ್ತುತ್ತಿತ್ತು, ಬಾಯಿ ಬಿಗಿದಿತ್ತು. ಮಂಚದ ಕೆಳಗೆ ಬಕೆಟ್ಟು ಇರಬಹುದೆಂದು ಇವಳ ಕಾಲು ತಾನಾಗಿ ಮಡಚಿಕೊಂಡಿತು.

"ಹೋಯ್ತಾ?" ಎಂದಳು.

"ಏನು ಹೋಯ್ತು?"

"ಮಾತು ನಿಲ್ಲಿಸಿದ್ರಲ್ಲ."

"ಅಯ್ಯೋ ತಾಯಿ, ನೋಡ್ತಿದ್ದೆ ಅಷ್ಟೇ. ಮಗು ಬೆನ್ನು ಮಾಡಿ ಮಲಗಿದೆ, ಹೃದಯ ಸರಿಯಾಗಿ ಸಿಗ್ತಿಲ್ಲ. ಬಡಿತ ಇದೆ, ಒಳಗಿನ ಗೋಡೆ ಕಾಣ್ಬೇಕು. ಅರ್ಧ ಗಂಟೆ ಓಡಾಡಿ ಬನ್ನಿ."

ಹೊರಗೆ ಉದ್ದನೆಯ ಪಡಸಾಲೆ. ಜೊತೆಗೆ ಬಂದಿದ್ದ ಅತ್ತೆ ಅವಳ ತೋಳು ಹಿಡಿದು ನಡೆಸಿದಳು. "ಮುಖ ಯಾಕೆ ಹಾಗೆ ಮಾಡಿದೀಯ? ನಿನ್ನ ಗಂಡನೂ ಹೀಗೇ, ಕರೆದ ಕಡೆ ಬೆನ್ನು ಹಾಕೋನು. ಅವನ ಮಗು ತಾನೆ?"

ಸೊಸೆಗೆ ನಗು ಬರಲಿಲ್ಲ. ಮೊಟ್ಟೆಗಳ ವಿಷಯವನ್ನೆಲ್ಲ ಹೇಳಿಬಿಟ್ಟಳು. ಅತ್ತೆ ಗದರುತ್ತಾಳೆ ಅಂದುಕೊಂಡಿದ್ದಳು. ಅತ್ತೆ ಗದರಲಿಲ್ಲ, ಅವಳ ತೋಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ನಂಗೂ ಹಾಗೇ ಆಗಿತ್ತು ಕಣೇ. ನಿನ್ನ ಗಂಡ ಹೊಟ್ಟೆಯಲ್ಲಿದ್ದಾಗ."

"ಆಮೇಲೆ?"

"ಇವನು ಹುಟ್ಟಿದ. ಅವು ಮತ್ತೆ ಅಲ್ಲಾಡೋಕೆ ಶುರು ಮಾಡಿದವು. ಯಾಕೆ ಅಂತ ನನ್ನ ಕೇಳ್ಬೇಡ. ನಾನೂ ಯಾರನ್ನೂ ಕೇಳಿಲ್ಲ."

"ಈಗ ಏನು ಮಾಡ್ಲಿ ಅತ್ತೆ?"

"ಕೂಸಿಗೆ ನೀನು ಯಾರು ಅಂತ ಹೇಳು. ಕತ್ತಲಲ್ಲಿ ಕೂತಿರೋದಕ್ಕೆ ಬಾಗಿಲು ಬಡಿಯೋರು ಯಾರು ಅಂತ ಹೇಗೆ ಗೊತ್ತಾಗ್ಬೇಕು?"

ಮತ್ತೆ ಮಂಚದ ಮೇಲೆ ಮಲಗಿದಾಗ ಅವಳು ಕೇಳಿದಳು, "ಡಾಕ್ಟರಮ್ಮ, ನಾನು ಮಾತಾಡ್ಬಹುದಾ?"

"ಧಾರಾಳವಾಗಿ. ನಾನು ಮಾತ್ರ ಸುಮ್ಮನಿರ್ತೀನಿ, ಹೆದರ್ಕೋಬೇಡಿ."

ಅವಳು ತೊಟ್ಟಿಲಿನ ಪಕ್ಕ ಕೂತವಳ ಹಾಗೆ ತಗ್ಗಿದ ದನಿಯಲ್ಲಿ ಶುರುಮಾಡಿದಳು. "ನಾನು ನಿನ್ನ ಅಮ್ಮ. ಹೊರಗೆ ಕೂತಿರೋದು ನಿನ್ನ ಅಜ್ಜಿ, ಅವಳ ಬಾಯಿ ಸ್ವಲ್ಪ ಜೋರು. ಇವರು ಡಾಕ್ಟರಮ್ಮ, ಒಳ್ಳೆಯವರು. ನಿನ್ನ ಎದೆ ನೋಡಿ ಹೋಗ್ತಾರೆ, ಅಷ್ಟೇ. ತಿರುಗು ಕಂದ."

ಪರದೆಯ ಬೂದಿಬಣ್ಣದೊಳಗೆ ಬೆನ್ನು ಹೊರಳಿತು. ಎದೆ ಎದುರಾಯಿತು. ಡಾಕ್ಟರಮ್ಮ ಉಸಿರು ಬಿಟ್ಟು ಎಣಿಸಿದರು. "ಒಂದು, ಎರಡು, ಮೂರು, ನಾಲ್ಕು. ಹೃದಯದ ನಾಲ್ಕೂ ಕೋಣೆ ಇವೆ. ಗೋಡೆ ಸರಿಯಾಗಿದೆ. ಎಲ್ಲ ಸರಿಯಾಗಿದೆ ತಾಯಿ."

ಅವಳ ಕಣ್ಣು ತುಂಬಿ ಬಂತು. ಮಾತು ನಿಲ್ಲಿಸಿದಳು. ಪರದೆಯ ಮೇಲೆ ಪುಟ್ಟ ತುಟಿಗಳು ತೆರೆದವು, ಮುಚ್ಚಿದವು, ಮತ್ತೆ ತೆರೆದವು.

"ನೀರು ನುಂಗ್ತಿದೆ," ಎಂದರು ಡಾಕ್ಟರಮ್ಮ.

"ಹೌದಾ ಕಂದ?" ಎಂದಳು ತಾಯಿ. ತುಟಿಗಳು ಮುಚ್ಚಿಕೊಂಡು ಕಾದವು. ಅವಳು ಸುಮ್ಮನಾದಳು. ಅವು ತೆರೆದವು, ಈ ಸಲ ಬಹಳ ಹೊತ್ತು, ಹೇಳುವುದು ಎಷ್ಟೋ ಉಳಿದಿದೆ ಎಂಬಂತೆ. ಡಾಕ್ಟರಮ್ಮ ಯಂತ್ರ ಆರಿಸಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಇಬ್ಬರೂ ಅದು ಮುಗಿಯುವವರೆಗೆ ಕಾದರು.