ಬೆಟ್ಟದಾಚೆಗೆ ಹಾಲು

ಆ ಊರಿನಲ್ಲಿ ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುವವನನ್ನು ಎಲ್ಲರೂ ಗಾಜಣ್ಣ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಇಬ್ಬರಿಗೂ ಇದ್ದದ್ದು ಒಂದೇ ಹುಚ್ಚು. ರಜೆ ಸಿಕ್ಕರೆ ಸಾಕು, ಹಳೆಯ ವ್ಯಾನಿನ ಹಿಂಬದಿಯಲ್ಲಿ ಹಾಸಿಗೆ ಹಾಸಿಕೊಂಡು ಹೊರಟುಬಿಡುತ್ತಿದ್ದರು. ಎಲ್ಲಾದರೂ ನೀರಿನ ಪಕ್ಕ, ಮರದ ನೆರಳಿನಲ್ಲಿ ಎರಡು ದಿನ ಬಿದ್ದುಕೊಂಡಿದ್ದು ಬರುತ್ತಿದ್ದರು.

ತೊಂದರೆಯೆಂದರೆ ಊಟದ್ದು. ಐಸ್ ತುಂಬಿ ಒಯ್ಯುತ್ತಿದ್ದ ಡಬ್ಬದಲ್ಲಿ ಮಾರನೆಯ ದಿನಕ್ಕೆ ಬರೀ ನೀರು. ಬ್ರೆಡ್ಡು ಮುದ್ದೆಯಾಗಿರುತ್ತಿತ್ತು, ಟೊಮೇಟೊ ತೇಲುತ್ತಿರುತ್ತಿದ್ದವು.

“ಊರ ಮಕ್ಕಳಿಗೆಲ್ಲ ಈಜು ಕಲಿಸೋದು ಸಾಲದೂಂತ ಟೊಮೇಟೊಗೂ ಕಲಿಸ್ಬೇಕಾ ನಾನು? ಗಾಡಿಲಿಡೋ ಫ್ರಿಜ್ ಒಂದು ತಗೊಳ್ಳೋಣ ರೀ,” ಎಂದಳು ಹೆಂಡತಿ.

ವಾಹನಗಳ ಸಾಮಾನು ಮಾರುವ ಅಂಗಡಿಯವನಿಗೆ ಬೇಡಪ್ಪ ಎಂದು ಅಡ್ಡಹೆಸರು. ಗಿರಾಕಿ ಏನು ಕೇಳಿದರೂ ಅವನ ಮೊದಲ ಮಾತು ‘ಅದು ಬೇಡಪ್ಪ’ ಎಂದೇ. ಗಾಜಣ್ಣ ನೀಲಿ ಬಣ್ಣದ ಹಗುರವಾದ ಒಂದು ಪೆಟ್ಟಿಗೆಯನ್ನು ಎತ್ತಿ ನೋಡುತ್ತಿದ್ದಂತೆ ಅವನು ಒಳಗಿನಿಂದಲೇ ಕೂಗಿದ.

“ಅದು ಬೇಡಪ್ಪ! ಅದ್ರಲ್ಲಿ ಕಂಪ್ರೆಸರ್ ಇಲ್ಲ. ಹೊರಗಿನ ಸೆಕೆಗಿಂತ ಒಂದಿಷ್ಟು ಕಮ್ಮಿ ಮಾಡುತ್ತೆ, ಅಷ್ಟೆ. ಬಿಸಿಲಲ್ಲಿ ನಿಂತ ಗಾಡಿಲಿ ಏನೂ ಪ್ರಯೋಜನ ಇಲ್ಲ. ಇದು ನೋಡಿ, ಮನೆ ಫ್ರಿಜ್ ಥರಾನೇ. ನಾಲ್ಕು ಡಿಗ್ರಿ ಅಂದ್ರೆ ನಾಲ್ಕೇ. ಬೇಕಂದ್ರೆ ಕಲ್ಲಿನ ಹಾಗೆ ಗಟ್ಟಿ ಮಾಡಿಕೊಡುತ್ತೆ. ಗಾಡಿ ಬ್ಯಾಟರಿ ಇಳೀತಾ ಬಂದ್ರೆ ತಾನೇ ಆಫ್ ಆಗುತ್ತೆ. ಇಲ್ಲಾಂದ್ರೆ ಗಾಡಿ ತಳ್ಕೊಂಡು ಮನೆಗೆ ಬರ್ಬೇಕಾಗುತ್ತೆ ನೀವು.”

ಗಾಜಣ್ಣ ಜೇಬಿನಿಂದ ಅಳತೆಯ ಟೇಪು ತೆಗೆದ. ಅದರಲ್ಲಿ ಚಿಕ್ಕದು, ದೊಡ್ಡದು ಎಂದು ಎರಡಿದ್ದವು; ಸೀಟಿನ ಹಿಂದೆ ಸರಿಯಾಗಿ ಕೂರುವುದು ಚಿಕ್ಕದೇ ಎಂದು ಲೆಕ್ಕ ಹಾಕಿದ. ಹೆಂಡತಿ ಒಪ್ಪಲಿಲ್ಲ. “ಚಿಕ್ಕದು ಸಾಲಲ್ಲ ರೀ. ಬರೋ ಬೇಸಿಗೆಗೆ ನಾವು ಮೂರು ಜನ,” ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಗ ಅವಳಿಗೆ ಐದು ತಿಂಗಳು. ಬೇಡಪ್ಪ ಆ ದಿನ ಮರುಮಾತಾಡದೆ ದೊಡ್ಡದನ್ನೇ ಕಟ್ಟಿಕೊಟ್ಟ.

ಅದನ್ನು ಕೊಂಡ ಮೇಲೆ ಅವರು ಹೋದದ್ದು ಒಂದೇ ಪ್ರವಾಸ. ಕೆರೆಯ ದಡದಲ್ಲಿ ವ್ಯಾನಿನ ಬಾಗಿಲು ತೆರೆದಿಟ್ಟು, ಕಾಲು ಇಳಿಬಿಟ್ಟು ಕುಳಿತು, ಹೆಂಡತಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದ ಕಲ್ಲಂಗಡಿ ತಿಂದಳು. “ಒಳಗಿರೋಳಿಗೂ ಚಳಿ ಆಯ್ತೇನೋ, ಒದೀತಿದಾಳೆ,” ಎಂದು ನಕ್ಕಳು.

ಮಗು ಏಳನೆಯ ತಿಂಗಳಲ್ಲೇ ಹುಟ್ಟಿತು. ಹೆಣ್ಣು. ಗಾಜಣ್ಣನ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟೂ ಉದ್ದವಿರಲಿಲ್ಲ. ಊರಿನ ಆಸ್ಪತ್ರೆಯವರು ತಮ್ಮ ಕೈಲಾಗದೆಂದು ಬೆಟ್ಟದಾಚೆಯ ನಗರದ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕಳಿಸಿದರು. ತಾಯಿಗೆ ಹೊಲಿಗೆ ಹಾಕಿದ ಜಾಗ ಕೀವಾಗಿ ಜ್ವರ ಹಿಡಿಯಿತು. ಅವಳು ಊರಿನಲ್ಲೇ ಉಳಿಯಬೇಕಾಯಿತು. ಅವಳನ್ನು ನೋಡಿಕೊಳ್ಳಲು ಅವಳ ಅಕ್ಕ ಬಂದು ನಿಂತಳು.

ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದು ನೆಂಟರೆಲ್ಲ ಹೇಳುತ್ತಿದ್ದರು. ಅದು ಗಾಜಲ್ಲ, ಪ್ಲಾಸ್ಟಿಕ್ಕು ಎಂಬುದು ಗಾಜಣ್ಣನಿಗೆ ನೋಡಿದ ಕೂಡಲೇ ತಿಳಿದಿತ್ತು. ಒಡೆಯುವುದಿಲ್ಲ ಎಂದುಕೊಂಡ. ಅಷ್ಟರಲ್ಲೇ ಅವನಿಗೆ ಸ್ವಲ್ಪ ಸಮಾಧಾನವಾಯಿತು.

“ತಾಯಿ ಹಾಲಿಗಿಂತ ದೊಡ್ಡ ಔಷಧಿ ಇಲ್ಲ,” ಎಂದರು ಅಲ್ಲಿನ ಹಿರಿಯ ನರ್ಸು. “ಮೂಗಿನ ಕೊಳವೇಲಿ ಹನಿ ಹನಿಯಾಗಿ ಕೊಡ್ತೀವಿ. ಆದ್ರೆ ತಣ್ಣಗೇ ತರ್ಬೇಕು. ದಾರೀಲಿ ಬಿಸಿಯಾದ್ರೆ ಕೆಲಸಕ್ಕೆ ಬರಲ್ಲ. ಆಗುತ್ತಾ ನಿಮ್ಮಿಂದ?”

“ಆಗುತ್ತೆ ಮೇಡಂ. ನಮ್ಮ ಗಾಡೀಲಿ ಫ್ರಿಜ್ ಇದೆ,” ಎಂದ ಗಾಜಣ್ಣ.

ಅಂದಿನಿಂದ ಬೆಳಕು ಹರಿಯುವ ಹೊತ್ತಿಗೆ ಅವನ ವ್ಯಾನು ಬೆಟ್ಟ ಹತ್ತುತ್ತಿತ್ತು. ಹೆಂಡತಿ ಹಿಂಡಿ ತೆಗೆದ ಹಾಲನ್ನು ಅವಳ ಅಕ್ಕ ಪುಟ್ಟ ಬಾಟಲಿಗಳಿಗೆ ತುಂಬಿ, ತಾರೀಖು ಬರೆದು ಅಂಟಿಸಿ ಕೊಡುತ್ತಿದ್ದಳು. ಹಿಂದಿನ ಸಂಜೆಯೇ ಖಾಲಿ ಫ್ರಿಜ್ಜನ್ನು ಮನೆಯ ಪ್ಲಗ್ಗಿಗೆ ಹಾಕಿ ತಣ್ಣಗೆ ಮಾಡಿಡುವುದು, ಬಾಟಲಿಗಳು ಅಲುಗದಂತೆ ನಡುವೆ ಟವೆಲ್ ಸಿಕ್ಕಿಸುವುದು, ಪಕ್ಕದಲ್ಲಿ ಗಾಳಿಯಾಡಲು ಜಾಗ ಬಿಡುವುದು, ಎಲ್ಲ ಅವನ ಕೆಲಸ. ಪ್ರತಿ ತಿರುವಿನಲ್ಲೂ ಕತ್ತು ಹೊರಳಿಸಿ ಫ್ರಿಜ್ಜಿನ ಮೇಲೆ ಡಿಗ್ರಿ ತೋರಿಸುವ ಕೆಂಪು ಅಂಕಿ ನೋಡುತ್ತಿದ್ದ. ನಾಲ್ಕು. ಇನ್ನೊಂದು ತಿರುವು. ನಾಲ್ಕು.

ಒಮ್ಮೆ ಬೆಟ್ಟದ ಮೇಲೆ ಲಾರಿ ಅಡ್ಡಬಿದ್ದು ದಾರಿ ನಿಂತಿತು. ಗಾಜಣ್ಣ ಎಂಜಿನ್ ಆರಿಸಿ ಕುಳಿತಿದ್ದ. ತಿರುಗಿ ನೋಡಿದಾಗ ಅಂಕಿಯೇ ಇರಲಿಲ್ಲ. ಬ್ಯಾಟರಿ ಇಳಿದು ಫ್ರಿಜ್ಜು ಆಫ್ ಆಗಿತ್ತು. ಎಂಜಿನ್ ಚಾಲೂ ಮಾಡಿ, ತನ್ನ ಅಂಗಿಯನ್ನೇ ಬಿಚ್ಚಿ ಫ್ರಿಜ್ಜಿಗೆ ಹೊದಿಸಿ, ಬನಿಯನ್ನಿನಲ್ಲೇ ಆಸ್ಪತ್ರೆ ಸೇರಿದ. ಹಾಲು ತಣ್ಣಗೇ ಇತ್ತು. ಅಂದು ಸಂಜೆ ವಿಷಯ ಕೇಳಿದ ಬೇಡಪ್ಪ ಅಂಗಡಿಯ ಬಾಗಿಲು ಎಳೆದು ಬಂದವನೇ ಫ್ರಿಜ್ಜಿಗೆಂದೇ ಎರಡನೆಯ ಬ್ಯಾಟರಿ ಜೋಡಿಸಿದ. ಎಷ್ಟು ಕೊಡಬೇಕೆಂದು ಕೇಳಿದರೆ, “ಅದೆಲ್ಲ ಈಗ ಬೇಡಪ್ಪ,” ಎಂದು ವೈರು ಸುತ್ತುತ್ತಾ ಹೊರಟುಹೋದ.

ಜ್ವರ ಇಳಿದ ಮೇಲೆ ಹೆಂಡತಿಯೂ ಎರಡು ಸಲ ಬಂದಳು. ಪೆಟ್ಟಿಗೆಯ ಕಿಂಡಿಯಲ್ಲಿ ಕೈ ತೂರಿಸಿ ಮಗುವಿನ ಪಾದ ಹಿಡಿದುಕೊಂಡು ಕುಳಿತಳು. ಮಗು ತೂಕ ಹಾಕಿಕೊಳ್ಳುತ್ತಿತ್ತು. ಇನ್ನೇನು ಎದೆಗೆ ಕೊಡುತ್ತೇವೆ ಎಂದಿದ್ದರು.

ಒಂದು ಬೆಳಿಗ್ಗೆ ಗಾಜಣ್ಣ ಎಂದಿನಂತೆ ಬಾಟಲಿಗಳ ಚೀಲ ಹಿಡಿದು ವಾರ್ಡಿನ ಬಾಗಿಲಿಗೆ ಬಂದ. ಹಿರಿಯ ನರ್ಸು ಹೊರಬಂದರು. ದಿನವೂ ಚೀಲಕ್ಕೆಂದು ಕೈಚಾಚುತ್ತಿದ್ದವರು ಅಂದು ಚಾಚಲಿಲ್ಲ. “ಫೋನ್ ಮಾಡಿದ್ವಿ. ಬೆಟ್ಟದ ಮೇಲಿದ್ರೇನೋ, ಸಿಗ್ಲಿಲ್ಲ ನೀವು,” ಎಂದರು. ಮಗುವಿನ ರಕ್ತಕ್ಕೆ ಸೋಂಕು ಏರಿತ್ತು. ಹೊತ್ತು ಮೂಡುವ ಮುಂಚೆಯೇ ಮುಗಿದಿತ್ತು.

ಹೆಂಡತಿ ಮತ್ತು ಅವಳ ಅಕ್ಕ ಬಾಡಿಗೆ ಕಾರಿನಲ್ಲಿ ಬಂದರು. ಪುಟ್ಟ ಕೋಣೆಯೊಂದರಲ್ಲಿ ಗಂಡಹೆಂಡತಿಯನ್ನು ಕೂರಿಸಿ, ಕೊಳವೆಗಳಿಲ್ಲದ ಮಗುವನ್ನು ಮೊದಲ ಬಾರಿಗೆ ಮಡಿಲಿಗೆ ಕೊಟ್ಟರು. ಹೆಂಡತಿ ಅತ್ತಳು. ಗಾಜಣ್ಣ ಅಳಲಿಲ್ಲ. ಅಲ್ಲಿಯ ಕಾಗದಪತ್ರ, ಊರಿನಲ್ಲಿ ಮಣ್ಣು ಮಾಡುವ ಕೆಲಸ, ಬಂದವರಿಗೆ ಉತ್ತರ ಹೇಳುವುದು, ಎಲ್ಲವನ್ನೂ ಅವನೇ ಮಾಡಿದ.

ಮಗು ಹೋಯಿತೆಂದು ಹಾಲು ನಿಲ್ಲಲಿಲ್ಲ. ಎದೆ ಕಲ್ಲಾಗಿ, ರವಿಕೆ ನೆನೆದು, ಆಕೆ ನೋವಿಗೆ ಹಲ್ಲು ಕಚ್ಚುತ್ತಿದ್ದಳು. ಹಿಂಡಲೇಬೇಕಿತ್ತು. ಮನೆಯ ಫ್ರೀಜರಿನಲ್ಲಿ ಮಗು ಕುಡಿದು ಮುಗಿಸಲಾಗದ ಬಾಟಲಿಗಳು ಸಾಲಾಗಿದ್ದವು. ಅಕ್ಕ ಒಂದು ಮಧ್ಯಾಹ್ನ ಅವನ್ನೆಲ್ಲ ಚೆಲ್ಲಲು ಬಕೆಟ್ ತಂದಳು.

“ಮುಟ್ಬೇಡ ಅಕ್ಕಾ,” ಎಂದಳು ತಂಗಿ.

“ಕಣ್ಣೆದುರಿಗಿದ್ರೆ ಸಂಕಟ ಅಲ್ವೇನೇ?”

“ಇರ್ಲಿ. ನನ್ ಮಗಳಿಗೆ ಅಂತ ತೆಗೆದದ್ದು. ಚರಂಡಿಗೆ ಸುರಿಯೋಕಲ್ಲ.”

ಗಾಜಣ್ಣ ಬೆಳಿಗ್ಗೆ ಬೇಗನೆ ಏಳುವುದನ್ನು ಬಿಡಲಿಲ್ಲ. ಕೆಲಸಕ್ಕೆ ಎಂದು ಹೇಳಿ ವ್ಯಾನಿನಲ್ಲಿ ಹೊರಡುತ್ತಿದ್ದ, ಮಧ್ಯಾಹ್ನ ಬರುತ್ತಿದ್ದ. ಒಂದು ಸಂಜೆ ಗಾಜಣ್ಣ ಮಲಗಿದ್ದಾಗ ಅವನ ಜೊತೆ ಕೆಲಸ ಮಾಡುವವನು ಮನೆಗೆ ಬಂದು, “ಯಾವಾಗಿಂದ ಬರ್ತಾರೆ ಅಣ್ಣ? ಕಿಟಕಿ ಕೆಲಸ ಎಲ್ಲ ಹಾಗೇ ನಿಂತಿದೆ,” ಎಂದು ಕೇಳಿದ. ಹೆಂಡತಿ ಅವನಿಗೆ ಏನೋ ಹೇಳಿ ಕಳಿಸಿದಳು. ಆಮೇಲೆ ವ್ಯಾನಿನ ಬಳಿ ಹೋಗಿ ನೋಡಿದಳು. ಪೆಟ್ರೋಲು ತಳ ಕಂಡಿತ್ತು. ಖಾಲಿ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಅಂಕಿ ನಾಲ್ಕರಲ್ಲಿತ್ತು. ಗಂಡ ದಿನವೂ ಬೆಟ್ಟ ಹತ್ತಿ ಇಳಿಯುತ್ತಿದ್ದಾನೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಬಂದಾಗ ಹೆಂಡತಿ ಮುಂದಿನ ಸೀಟಿನಲ್ಲಿ ಕುಳಿತಿದ್ದಳು. ಹಿಂದೆ ಫ್ರಿಜ್ಜಿನ ತುಂಬ ಗಟ್ಟಿಯಾದ ಹಾಲಿನ ಬಾಟಲಿಗಳು. ಅಂಕಿಯನ್ನು ಸೊನ್ನೆಗಿಂತ ಎಷ್ಟೋ ಕೆಳಕ್ಕೆ ಇಳಿಸಿದ್ದಳು.

“ಎಲ್ಲಿಗೆ?” ಎಂದ.

“ದಿನಾ ಹೋಗ್ತಿದ್ದೀರಲ್ಲ, ಅಲ್ಲಿಗೇ. ಬರೀಗೈಲಿ ಯಾಕೆ ಹೋಗ್ತೀರಾ? ಹಾಲಿಲ್ಲದ ತಾಯಂದಿರ ಮಕ್ಕಳಿಗೆ ಅಲ್ಲಿ ಹಾಲು ತಗೋತಾರಂತೆ. ನೆನ್ನೆ ಫೋನ್ ಮಾಡಿ ಕೇಳ್ದೆ.”

ಅವನು ತಲೆ ತಗ್ಗಿಸಿದ. “ನಿಂಗೆ ಹೇಳೋಣ ಅಂತಿದ್ದೆ. ಎದ್ದ ಕೂಡ್ಲೇ ಕೈ ತಾನಾಗೇ ಕೀ ತಗೊಳ್ತಿತ್ತು. ಮೇಲಕ್ಕೆ ಹತ್ತಿದ ಮೇಲೆ ಅಲ್ಲಿಗೆ ಹೋಗಿ ಏನು ಮಾಡ್ಲಿ ಅಂತ ತಿರುಗಿಸ್ತಿದ್ದೆ.”

“ಗೊತ್ತಾಯ್ತು. ನಡೀರಿ.”

ಆಸ್ಪತ್ರೆಯಲ್ಲಿ ಅವಳ ರಕ್ತ ಪರೀಕ್ಷೆಗೆ ತೆಗೆದುಕೊಂಡರು. ಹಾಲನ್ನು ಕಾಯಿಸಿ ಶುದ್ಧ ಮಾಡಿ ಕೊಡುತ್ತೇವೆ ಎಂದರು. ಹಿರಿಯ ನರ್ಸು ಒಂದೊಂದೇ ಬಾಟಲಿಯ ತಾರೀಖು ಓದುತ್ತಾ ತೆಗೆದಿಟ್ಟುಕೊಂಡರು, ನಡುವೆ ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು. ವಾರ್ಡಿನೊಳಗೆ ಬರುತ್ತೀರಾ ಎಂದು ಕೇಳಿದಾಗ ಹೆಂಡತಿ ತಲೆಯಾಡಿಸಿ ಬೇಡವೆಂದಳು.

ಹೊರಗೆ ವಾಹನ ನಿಲ್ಲಿಸುವ ಜಾಗದಲ್ಲಿ ಗಾಜಣ್ಣ ಖಾಲಿ ಫ್ರಿಜ್ಜಿನ ತಳದ ನೀರು ಒರೆಸುತ್ತಿದ್ದ. ಒರೆಸುತ್ತಾ ಒರೆಸುತ್ತಾ ಬಗ್ಗಿದವನು ಮೇಲೇಳಲಿಲ್ಲ. ಬಿಕ್ಕಿ ಬಿಕ್ಕಿ ಅತ್ತ. ಪಕ್ಕದ ಕಾರಿನವರು ನೋಡುತ್ತಿದ್ದರು. ಹೆಂಡತಿ ಅವನ ಬೆನ್ನಿಗೆ ಕೈಯಿಟ್ಟು ನಿಂತಳು. ಎಷ್ಟೋ ಹೊತ್ತಿನ ಮೇಲೆ ಬಟ್ಟೆ ತೆಗೆದುಕೊಂಡು ಉಳಿದದ್ದನ್ನು ತಾನೇ ಒರೆಸಿದಳು.

ಆಮೇಲೆ ವಾರಕ್ಕೊಮ್ಮೆ ಇಬ್ಬರೂ ಕೂಡಿ ಹೋದರು. ಬಾಟಲಿಗಳು ಕಮ್ಮಿಯಾಗುತ್ತಾ ಬಂದು ಒಂದು ದಿನ ಹಾಲು ನಿಂತೇ ಹೋಯಿತು. ಗಾಜಣ್ಣ ಕೆಲಸಕ್ಕೆ ಮರಳಿದ. ಹೆಂಡತಿಯೂ ಈಜುಕೊಳಕ್ಕೆ ಹೋಗತೊಡಗಿದಳು. ಆದರೆ ಚಿಕ್ಕ ಮಕ್ಕಳ ತರಗತಿ ತನಗೆ ಬೇಡವೆಂದು ಕೇಳಿಕೊಂಡಳು. ರಜೆ ಬಂದರೂ ಎಲ್ಲಿಗಾದರೂ ಹೋಗೋಣವೆಂದು ಇಬ್ಬರಲ್ಲಿ ಯಾರೂ ಬಾಯಿಬಿಡಲಿಲ್ಲ.

ಹೀಗೇ ಒಂದು ವರ್ಷ ಕಳೆದ ಮೇಲೆ ಒಮ್ಮೆ ಹಿರಿಯ ನರ್ಸೇ ಫೋನ್ ಮಾಡಿದರು. ಇವರ ಊರಿಗಿಂತಲೂ ದೂರದಿಂದ ಗೋಡೆಗೆ ಬಣ್ಣ ಹೊಡೆಯುವವನೊಬ್ಬ ತನ್ನ ಅವಳಿ ಮಕ್ಕಳಿಗೆ ಥರ್ಮಾಸಿನಲ್ಲಿ ಹಾಲು ತರುತ್ತಿದ್ದಾನೆ, ಎರಡು ದಿನಕ್ಕೊಮ್ಮೆ ಅದು ಕೆಟ್ಟೇ ಹೋಗಿರುತ್ತದೆ ಎಂದರು. ಹೆಚ್ಚಿಗೆ ಏನೂ ಕೇಳಲಿಲ್ಲ. ಗಾಜಣ್ಣ ಹೆಂಡತಿಯ ಮುಖ ನೋಡಿದ. “ಬರೋಕೆ ಹೇಳಿ,” ಎಂದಳು ಅವಳು.

ಬಣ್ಣದವನು ಮಾರನೆಯ ದಿನವೇ ಬಂದ. ಉಗುರುಗಳ ಸಂದಿಯಲ್ಲಿ ಬಿಳಿ ಬಣ್ಣ, ಕಣ್ಣಿಗೆ ನಿದ್ದೆಯಿಲ್ಲ. ಗಾಜಣ್ಣ ಅವನ ಹಳೆಯ ಕಾರಿನಲ್ಲಿ ಫ್ರಿಜ್ಜು ಇಟ್ಟು, ಬ್ಯಾಟರಿ ಜೋಡಿಸಿ, ಬಿಸಿಲು ಬೀಳದ ಕಡೆಗೆ ತಿರುಗಿಸಿ, ಮುಚ್ಚಳ ಪದೇ ಪದೇ ತೆಗೆಯಬಾರದೆಂದು ಎರಡೆರಡು ಸಲ ಹೇಳಿದ. ಬಣ್ಣದವನು ತಲೆದೂಗುತ್ತಾ ಕೇಳಿಸಿಕೊಂಡ. ಕೊನೆಗೆ ನಗುತ್ತಾ, “ನಿಮ್ಮ ಮಗೂಗೂ ಇದರಲ್ಲೇ ತಗೊಂಡು ಹೋಗ್ತಿದ್ರಂತೆ. ಈಗ ಹೇಗಿದೆ ಸಾರ್ ಮಗು? ಓಡಾಡ್ತಿರ್ಬೇಕು ಅಲ್ವಾ?” ಎಂದು ಕೇಳಿದ.

ನರ್ಸು ಅವನಿಗೆ ಹೇಳಿರಲಿಲ್ಲ.

ಗಾಜಣ್ಣ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. “ಹೆಣ್ಣು ಮಗು ನಮ್ದು,” ಎಂದ. “ಸ್ವಲ್ಪ ದಿನ ಇದ್ಲು. ಇದ್ದಷ್ಟು ದಿನ ಅವ್ಳ ಅಮ್ಮನ ಹಾಲೇ ಕುಡಿದ್ಲು.”

ಬಣ್ಣದವನ ಮುಖ ಕಪ್ಪಿಟ್ಟಿತು. ಫ್ರಿಜ್ಜಿನ ಮೇಲಿಟ್ಟ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಹೆಂಡತಿ ಮೆಟ್ಟಿಲಿಳಿದು ಬಂದು ಕಾರಿನ ಬಾಗಿಲು ಮುಚ್ಚಿದಳು. “ನಿಮ್ಮ ಮಕ್ಕಳು ಚೆನ್ನಾಗಿರ್ತಾರೆ. ಹೊರಡಿ ಅಣ್ಣ, ಹೊತ್ತಾಯ್ತು,” ಎಂದಳು. ಕಾರು ಬೀದಿಯ ತಿರುವು ದಾಟಿದ ಮೇಲೂ ಇಬ್ಬರೂ ಅಲ್ಲೇ ನಿಂತಿದ್ದರು. ಆಮೇಲೆ ಒಳಗೆ ಹೋಗಿ, ತಮ್ಮ ಮಗಳ ಬಗ್ಗೆ ಮಾತಾಡುತ್ತಾ, ಮಧ್ಯಾಹ್ನದ ಊಟಕ್ಕೆ ಕೂತರು.